ಮರವಾಗಿ ಬಗ್ಗಿದವರು

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆಯನ್ನು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಎರಡು ಸಲ ಹೇಳುತ್ತಾರೆ. ಚಿಕ್ಕಂದಿನಲ್ಲಿ ರೊಟ್ಟಿ ಬಡಿಯಲು, ಸೆರಗು ಸರಿಮಾಡಿಕೊಳ್ಳಲು, ಹಿರಿಯರೆದುರು ದನಿ ಇಳಿಸಲು ಕಲಿಸುವಾಗ ಒಮ್ಮೆ. ನಲವತ್ತು ದಾಟಿದ ಮೇಲೆ ಈಜನ್ನೋ ಹಾರ್ಮೋನಿಯಮ್ಮನ್ನೋ ಸ್ಕೂಟರನ್ನೋ ಕಲಿಯುತ್ತೇನೆಂದು ಹೊರಟಾಗ ಇನ್ನೊಮ್ಮೆ. ಮೊದಲನೆಯ ಸಲ ಬೇಡವೆಂದರೂ ಕಲಿಸಲು, ಎರಡನೆಯ ಸಲ ಬೇಕೆಂದರೂ ತಡೆಯಲು ಒಂದೇ ಗಾದೆ ಸಾಕಾಗುತ್ತದೆ! ಈ ಗಾದೆಗೆ ಎದುರು ನಿಂತ ಒಂದು ಆಟದ ಚರಿತ್ರೆಯನ್ನು ನಾನಿಲ್ಲಿ ಹೇಳಬೇಕೆಂದಿದ್ದೇನೆ. ಆ ಆಟವನ್ನು ಗಿಡವಾಗಿದ್ದಾಗ ಕಲಿಯುವ ಅವಕಾಶ ಹೆಂಗಸರಿಗೆ ಬಹುಕಾಲ ಸಿಗಲಿಲ್ಲ. ಬಹಳ ಜನ ಮರವಾದ ಮೇಲೆಯೇ ಕಲಿತರು. ಅದರ ಹೆಸರು ಐಸ್ ಹಾಕಿ.

ಮಲ್ಲಸಮುದ್ರದವಳಿಗೂ ಐಸ್ ಹಾಕಿಗೂ ಎಲ್ಲಿಯ ಸಂಬಂಧ ಎಂದು ನೀವು ನಗಬಹುದು. ನಮ್ಮೂರಿರುವುದು ಗದಗದಿಂದ ಮುಳಗುಂದಕ್ಕೆ ಹೋಗುವ ದಾರಿಯಲ್ಲಿ. ಹೆಸರಿನಲ್ಲಿ ಸಮುದ್ರವಿದೆ, ಸುತ್ತಲೂ ಇರುವುದು ಎರೆಹೊಲ. ನಾನು ಬೆಳೆಯುವಾಗ ಐಸು ಕಾಣುತ್ತಿದ್ದುದು ಎರಡೇ ಕಡೆ: ಸೈಕಲ್ಲಿನ ಹಿಂದೆ ಕಟ್ಟಿದ ಐಸ್‌ಕ್ಯಾಂಡಿ ಡಬ್ಬಿಯಲ್ಲಿ ಮತ್ತು ಜಾತ್ರೆಯ ಶರಬತ್ತಿನ ಅಂಗಡಿಯಲ್ಲಿ ಗೋಣಿಚೀಲ ಹೊದ್ದುಕೊಂಡಿದ್ದ ಗಡ್ಡೆಯಲ್ಲಿ. ಅದರ ಮೇಲೆ ನಿಲ್ಲಬಹುದು, ಓಡಬಹುದು, ಆಟವಾಡಬಹುದು ಎಂದು ಯಾರಾದರೂ ಹೇಳಿದ್ದರೆ ಹುಚ್ಚರೆನ್ನುತ್ತಿದ್ದೆವು.

ಆದರೆ ಹಾಕಿ ನಮ್ಮ ಸೀಮೆಗೆ ಹೊಸದಲ್ಲ. ಇಂಗ್ಲಿಷರು 1871ರ ಕಾಯಿದೆಯ ಮೂಲಕ ಕೆಲವು ಬುಡಕಟ್ಟುಗಳಿಗೆ ಹುಟ್ಟಿನಿಂದಲೇ ‘ಅಪರಾಧಿ’ ಎಂಬ ಹಣೆಪಟ್ಟಿ ಕಟ್ಟಿದರು. ಮುಂದೆ ಅವರನ್ನು ಗದಗ-ಬೆಟಗೇರಿ, ಹುಬ್ಬಳ್ಳಿ ಮುಂತಾದ ಕಡೆ ಬೇಲಿಯೊಳಗಿನ ಸೆಟ್ಲ್‌ಮೆಂಟುಗಳಲ್ಲಿ ಇರಿಸಿದರು. ಸ್ವತಂತ್ರ ಭಾರತ 1952ರಲ್ಲಿ ಆ ಕಾಯಿದೆಯನ್ನು ತೆಗೆದುಹಾಕಿತು. ಬೇಲಿ ಹೋದರೂ ಓಣಿಗೆ ಸೆಟ್ಲ್‌ಮೆಂಟ್ ಎಂಬ ಹೆಸರು ಉಳಿಯಿತು. ಅಲ್ಲಿಯ ಮಕ್ಕಳ ಕೈಯಲ್ಲಿ ಹಾಕಿ ಸ್ಟಿಕ್ಕೂ ಉಳಿಯಿತು. ಜಗತ್ತು ಅನುಮಾನದಿಂದ ನೋಡಿದ ಜನ ಚಪ್ಪಾಳೆ ಗಿಟ್ಟಿಸಿದ್ದು ಆಟದ ಅಂಗಳದಲ್ಲಿ. ಅಂಗಳ ಸಿಕ್ಕರೆ ಮನುಷ್ಯ ಏನಾಗಬಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಕಿಲ್ಲ.

ಹೆಣ್ಣುಮಕ್ಕಳಿಗೆ ಅಂಗಳ ಸಿಕ್ಕಾಗಲೂ ಹೀಗೆಯೇ ಆಗಿದೆ. ಆಗಿನ ಮೈಸೂರು ರಾಜ್ಯದ ಮಹಿಳಾ ಹಾಕಿ ತಂಡ 1960ರಿಂದ 1967ರ ನಡುವೆ ಸತತವಾಗಿ ಏಳು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಅದರ ಮುಂದಾಳು ಬೆಂಗಳೂರಿನ ಎಲ್ವೆರಾ ಬ್ರಿಟ್ಟೊ. ಅವರ ಸೋದರಿಯರಾದ ರೀಟಾ ಮತ್ತು ಮೇ ಕೂಡ ಆಟಗಾರ್ತಿಯರೇ. 1965ರಲ್ಲಿ ಎಲ್ವೆರಾ ಅವರಿಗೆ ಅರ್ಜುನ ಪ್ರಶಸ್ತಿ ಬಂದಿತು. ಮಹಿಳಾ ಹಾಕಿಯಲ್ಲಿ ಅವರಿಗಿಂತ ಮೊದಲು ಅದನ್ನು ಪಡೆದವರು ಆನ್ ಲಮ್ಸ್‌ಡನ್ ಒಬ್ಬರೇ. 2022ರಲ್ಲಿ ಎಲ್ವೆರಾ ತೀರಿಕೊಂಡಾಗ ಹೊಸ ತಲೆಮಾರಿನ ಎಷ್ಟೋ ಜನ ಅವರ ಹೆಸರನ್ನು ಮೊದಲ ಬಾರಿಗೆ ಕೇಳಿದರು. ನಮ್ಮ ನಾಡಿನ ಹೆಂಗಸರ ಗೆಲುವುಗಳಿಗೆ ಸಾಮಾನ್ಯವಾಗಿ ಇಂಥದೇ ಗತಿ.

ಇನ್ನು ಐಸಿನ ಮೇಲಿನ ಹಾಕಿಗೆ ಬರೋಣ. ಕೆರೆ ಹೊಳೆಗಳು ಹೆಪ್ಪುಗಟ್ಟುವ ನಾಡುಗಳಲ್ಲಿ ಅವುಗಳ ಮೇಲೆ ಕೋಲು-ಚೆಂಡಿನ ಆಟ ಹಿಂದಿನಿಂದಲೂ ಇತ್ತು. ನಿಯಮ ಕಟ್ಟಿಕೊಂಡು, ಚಾವಣಿಯ ಕೆಳಗೆ, ಎರಡು ತಂಡಗಳು ಆಡಿದ ಮೊದಲ ಪಂದ್ಯವೆಂದು ಹೆಸರಾದದ್ದು 1875ರ ಮಾರ್ಚ್ 3ರಂದು ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನಡೆಯಿತು. ಚೆಂಡು ಹಾರಿ ನೋಡುವವರಿಗೆ ತಗಲಬಾರದೆಂದು ಚಪ್ಪಟೆಯಾದ ಬಿಲ್ಲೆಯನ್ನು ಬಳಸಿದರು. ಇಂದಿನ ಪಕ್ ಅದರ ಸಂತತಿ: ಮೂರು ಅಂಗುಲ ಅಗಲದ, ಒಂದು ಅಂಗುಲ ದಪ್ಪದ, ಸುಮಾರು 170 ಗ್ರಾಂ ತೂಕದ ಕರಿ ರಬ್ಬರಿನ ಬಿಲ್ಲೆ. ಪುಟಿಯದಿರಲೆಂದು ಪಂದ್ಯಕ್ಕೆ ಮೊದಲು ಅದನ್ನೂ ಶೀತಪೆಟ್ಟಿಗೆಯಲ್ಲಿ ಇಡುತ್ತಾರೆ.

ಹದಿನೈದು ವರ್ಷಗಳೊಳಗೆ ಹೆಂಗಸರೂ ಆಡತೊಡಗಿದ್ದರು. ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟಾನ್ಲಿಯ ಹೆಸರಿನ ಬಟ್ಟಲಿಗಾಗಿ ಇಂದಿಗೂ ಗಂಡಸರ ತಂಡಗಳು ಹೊಡೆದಾಡುತ್ತವೆ. ಆತನ ಮಗಳು ಇಸೊಬೆಲ್ 1890ರ ಸುಮಾರಿಗೆ ಒಟ್ಟಾವಾದ ತಮ್ಮ ಬಂಗಲೆಯ ಐಸಿನ ಅಂಗಳದಲ್ಲಿ ಬಿಳಿಯ ಉದ್ದ ಲಂಗ ತೊಟ್ಟು ಗೆಳತಿಯರ ಜೊತೆ ಆಡುತ್ತಿರುವ ಚಿತ್ರವೊಂದು ಉಳಿದಿದೆ. ಆ ಕಾಲದ ಹೆಂಗಸರು ಪಾದ ಮುಚ್ಚುವ ಲಂಗದಲ್ಲೇ ಆಡಬೇಕಿತ್ತು. ಸೀರೆಯುಟ್ಟು ಬಸ್ಸಿಗೆ ಓಡಿದ ನಮಗೆ ಅದರ ಕಷ್ಟವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಮುಖಕ್ಕೆ ಕವಚ ಹಾಕಿಕೊಳ್ಳುವ ವಿಷಯದಲ್ಲೂ ಹೆಂಗಸೇ ಮುಂದು. 1927ರಲ್ಲಿ ಕ್ವೀನ್ಸ್ ವಿಶ್ವವಿದ್ಯಾಲಯದ ಗೋಲಿ ಎಲಿಜಬೆತ್ ಗ್ರಹಾಂ ಕತ್ತಿವರಸೆಯವರ ತಂತಿಯ ಮುಖಕವಚವನ್ನು ತೊಟ್ಟು ಗೋಲಿನೆದುರು ನಿಂತಳು. ಗಂಡಸರ ದೊಡ್ಡ ಲೀಗಿನಲ್ಲಿ ಜಾಕ್ ಪ್ಲಾಂಟ್ ಎಂಬ ಗೋಲಿ ಮುಖಕ್ಕೆ ಪೆಟ್ಟು ತಿಂದು, ಹೊಲಿಗೆ ಹಾಕಿಸಿಕೊಂಡು, ಕವಚ ಕಟ್ಟಿ ಅಂಗಳಕ್ಕೆ ಮರಳಿದ್ದು 1959ರ ನವೆಂಬರಿನಲ್ಲಿ. ಮೂವತ್ತೆರಡು ವರ್ಷ ಮೊದಲೇ ಒಬ್ಬ ಹುಡುಗಿಗೆ ಹೊಳೆದ ಬುದ್ಧಿ!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪ್ರೆಸ್ಟನ್ ಎಂಬ ಸಣ್ಣ ಊರಿನ ಹುಡುಗಿಯರ ಕಥೆ. ಅವರು ಬೇಸಿಗೆಯಲ್ಲಿ ಸಾಫ್ಟ್‌ಬಾಲ್ ಆಡುವವರು. ಚಳಿಗಾಲ ಬಂದರೆ ಆಟವಿಲ್ಲ. ಸುಮ್ಮನೆ ಕೂಡಲಾರದೆ 1931ರಲ್ಲಿ ರಿವ್ಯುಲೆಟ್ಸ್ ಎಂಬ ಐಸ್ ಹಾಕಿ ತಂಡ ಕಟ್ಟಿಕೊಂಡರು. ರಾನ್ಸ್‌ಕೊಂಬ್ ಮನೆಯ ಹಿಲ್ಡಾ ಮತ್ತು ನೆಲ್ಲಿ ಎಂಬ ಅಕ್ಕತಂಗಿಯರು ಅದರ ಬೆನ್ನೆಲುಬು. ಮುಂದಿನ ಹತ್ತು ವರ್ಷಗಳಲ್ಲಿ ಆ ತಂಡ ಸೋತದ್ದು ಬಲು ವಿರಳ. ಎರಡನೆಯ ಮಹಾಯುದ್ಧ ಬಂದು ಓಡಾಟಕ್ಕೆ ತಡೆಯಾದಾಗ ತಂಡವೂ ಚದುರಿತು.

ಯುದ್ಧ ಮುಗಿದ ಮೇಲೆ ಅಂಗಳ ಮತ್ತೆ ಗಂಡುಮಕ್ಕಳ ಪಾಲಾಯಿತು. ಟೊರಾಂಟೊದಲ್ಲಿ ಅಬಿಗೈಲ್ ಹಾಫ್‌ಮನ್ ಎಂಬ ಒಂಬತ್ತು ವರ್ಷದ ಹುಡುಗಿ ಕೂದಲು ಕತ್ತರಿಸಿಕೊಂಡು, ‘ಆಬ್’ ಎಂದು ಹೆಸರು ಬರೆಸಿ, ಹುಡುಗರ ತಂಡದಲ್ಲಿ ಚೆನ್ನಾಗಿ ಆಡುತ್ತಿದ್ದಳು. 1956ರಲ್ಲಿ ಆಯ್ದ ತಂಡಕ್ಕೆ ಸೇರಿಸುವಾಗ ಜನನಪತ್ರ ತಿರುವಿದರು, ಗುಟ್ಟು ರಟ್ಟಾಯಿತು. ಮುಂದೆ ಆಕೆ ಓಟಗಾರ್ತಿಯಾಗಿ ನಾಲ್ಕು ಒಲಿಂಪಿಕ್ಸುಗಳಲ್ಲಿ ಕೆನಡಾವನ್ನು ಪ್ರತಿನಿಧಿಸಿದಳು. ಆದರೆ ಹಾಕಿ ಕಲಿಯಬೇಕಿದ್ದ ಎಷ್ಟೋ ಹುಡುಗಿಯರು ಆ ದಶಕಗಳಲ್ಲಿ ಅಣ್ಣತಮ್ಮಂದಿರ ಸ್ಕೇಟಿನ ಲಾಡಿ ಕಟ್ಟುತ್ತ ಕಟ್ಟೆಯ ಮೇಲೆ ಉಳಿದರು.

ಹೆಂಗಸರ ಮೊದಲ ವಿಶ್ವ ಚಾಂಪಿಯನ್‌ಷಿಪ್ 1990ರ ಮಾರ್ಚಿನಲ್ಲಿ ಒಟ್ಟಾವಾದಲ್ಲಿ ನಡೆಯಿತು. ಜನರ ಕಣ್ಣು ಸೆಳೆಯಲೆಂದು ಕೆನಡಾದ ಆಟಗಾರ್ತಿಯರಿಗೆ ಗುಲಾಬಿ ಬಣ್ಣದ ಉಡುಪು ಹಾಕಿಸಿದರು! ಅವರು ಅದನ್ನೇ ತೊಟ್ಟು ಅಮೆರಿಕವನ್ನು 5-2ರಿಂದ ಸೋಲಿಸಿದರು. 1998ರಲ್ಲಿ ಜಪಾನಿನ ನಗಾನೊದಲ್ಲಿ ಮಹಿಳಾ ಐಸ್ ಹಾಕಿ ಒಲಿಂಪಿಕ್ಸಿಗೆ ಬಂದಿತು. 1990ರ ಸುಮಾರಿಗೆ ಕೆನಡಾದಲ್ಲಿ ಹೆಸರು ನೋಂದಾಯಿಸಿದ ಆಟಗಾರ್ತಿಯರು ಎಂಟು ಸಾವಿರದಷ್ಟಿದ್ದರೆ, 2010ರ ಹೊತ್ತಿಗೆ ಆ ಸಂಖ್ಯೆ ಎಂಬತ್ತು ಸಾವಿರ ದಾಟಿತ್ತು. ಅವರಲ್ಲಿ ಪುಟ್ಟ ಹುಡುಗಿಯರಷ್ಟೇ ಇರಲಿಲ್ಲ. ಮಗಳನ್ನು ಅಂಗಳಕ್ಕೆ ಕರೆತಂದು, ಕಟ್ಟೆಯ ಮೇಲೆ ಚಳಿಯಲ್ಲಿ ಕೂತು ಬೇಸತ್ತ ತಾಯಂದಿರೂ ತಾವೇ ಸ್ಕೇಟು ಕಟ್ಟಿ ಇಳಿದರು.

ನಾನು ಇಳಿದದ್ದೂ ಹೀಗೆಯೇ. ಯಜಮಾನರ ನೌಕರಿಯ ನಿಮಿತ್ತ ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿ ಕೆಲವು ವರ್ಷ ಇದ್ದೆವು. ಆಗ ಆ ನಗರದ ಮೇಯರ್ ಹೇಜಲ್ ಮೆಕಾಲಿಯನ್ ಎಂಬ ತೊಂಬತ್ತು ದಾಟಿದ ಅಜ್ಜಿ. ಆಕೆ ಓದುವ ದಿನಗಳಲ್ಲಿ ಮಾಂಟ್ರಿಯಲ್ಲಿನ ಮಹಿಳಾ ತಂಡವೊಂದಕ್ಕೆ ಪಂದ್ಯಕ್ಕೆ ಐದು ಡಾಲರಿನಂತೆ ಹಾಕಿ ಆಡಿದವಳು. 1978ರಿಂದ 2014ರವರೆಗೆ ಮೇಯರ್ ಆಗಿದ್ದಳು. ಹೆಂಗಸರ ಹಾಕಿಗೆ ಆಕೆಯ ಬೆಂಬಲ ದೊಡ್ಡದು. 2000ದ ಮಹಿಳಾ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದೂ ಮಿಸಿಸಾಗಾದಲ್ಲೇ. ಇಂಥ ಅಜ್ಜಿಯ ಊರಿನಲ್ಲಿ ನಲವತ್ತೊಂದು ವರ್ಷದವಳು ‘ನನಗೆ ವಯಸ್ಸಾಯಿತು’ ಎನ್ನುವುದಕ್ಕೆ ನಾಚಿಕೆಯಾಗುತ್ತಿತ್ತು. 2012ರ ಚಳಿಗಾಲದಲ್ಲಿ ದೊಡ್ಡವರ ತರಗತಿಗೆ ಹೆಸರು ಕೊಟ್ಟೆ.

ಸುದ್ದಿ ತಿಳಿಯುತ್ತಲೇ ಮಲ್ಲಸಮುದ್ರದಿಂದ ಅವ್ವನ ಫೋನು ಬಂತು. “ಯವ್ವಾ, ಎರಡ ಮಕ್ಕಳ ತಾಯಿ ನೀ. ಬಿದ್ದು ಕಾಲ ಮುರಕೊಂಡ್ರ ಆ ಊರಾಗ ನಿನ್ನ ನೋಡಾವ್ರು ಯಾರು? ಗಿಡಾಗಿ ಬಗ್ಗಲಾರದ್ದು ಮರಾಗಿ ಬಗ್ಗತೈತೇನು?”

“ಅವ್ವಾ, ಇಲ್ಲೆ ಮೊದಲ ಬೀಳೂದನ್ನ ಕಲಸ್ತಾರ,” ಎಂದೆ.

ಅದು ನಿಜವಾಗಿತ್ತು. ಮೊದಲ ದಿನ ಪಕ್ ಇಲ್ಲ, ಸ್ಟಿಕ್ಕಿಲ್ಲ. ಮೊಣಕಾಲಿಗೆ, ಮೊಣಕೈಗೆ ಮೆತ್ತೆ, ತಲೆಗೆ ಹೆಲ್ಮೆಟ್ಟು ಕಟ್ಟಿ, ಬೇಕೆಂದೇ ಬೀಳಿಸಿದರು. ಹಿಂದಕ್ಕೆ ಬೀಳಬಾರದು, ಪಕ್ಕಕ್ಕೆ ಒರಗಬೇಕು. ಬೇರೆಯವರ ಅಲಗಿಗೆ ಬೆರಳು ಸಿಗದಂತೆ ಮುಷ್ಟಿ ಕಟ್ಟಬೇಕು. ಆಮೇಲೆ ಮೊಣಕಾಲೂರಿ, ಒಂದು ಪಾದ ಮುಂದಿಟ್ಟು, ಆ ಮಂಡಿಯ ಮೇಲೆ ಎರಡೂ ಕೈ ಒತ್ತಿ ಏಳಬೇಕು. ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ; ಅವರಿಗೂ ನೆಲಕ್ಕೂ ದೂರ ಕಡಿಮೆ. ದೊಡ್ಡವರಿಗೆ ಬೀಳುವ ಭಯವೇ ಕಾಲನ್ನು ಬಿಗಿಮಾಡುತ್ತದೆ, ಬಿಗಿಯಾದ ಕಾಲೇ ಬೀಳಿಸುತ್ತದೆ. ಹತ್ತಿಪ್ಪತ್ತು ಸಲ ಬಿದ್ದು ಎದ್ದ ಮೇಲೆ ಭಯದ ಬಿಗಿ ಅರ್ಧ ಸಡಿಲವಾಗಿತ್ತು.

ಎರಡನೆಯ ಪಾಠಕ್ಕೆ ನಾನು ಮನಸ್ಸಿನಲ್ಲೇ ನಕ್ಕೆ. “ಮೊಣಕಾಲು ಬಗ್ಗಿಸಿ, ಇನ್ನೂ ಬಗ್ಗಿಸಿ” ಎಂದು ಕಲಿಸುವಾಕೆ ಕೂಗುತ್ತಲೇ ಇದ್ದಳು. ನೆಟ್ಟಗೆ ನಿಂತವರು ಹಿಂದಕ್ಕೆ ಉರುಳುತ್ತಾರೆ. ಮಂಡಿ ಬಗ್ಗಿಸಿ, ಭಾರವನ್ನು ಪಾದದ ನಡುವಿಗೆ ತಂದವರು ನಿಲ್ಲುತ್ತಾರೆ. ಮಿಕ್ಕ ಹೆಂಗಸರು ತೊಡೆ ನೋವೆಂದು ನರಳುತ್ತಿದ್ದರು. ಎರೆಹೊಲದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಳೆ ತೆಗೆದ, ಮನೆಯಂಗಳ ಸಾರಿಸಿದ ಕಾಲು ನನ್ನದು. ಬಗ್ಗುವುದು ಅದಕ್ಕೆ ಗೊತ್ತಿತ್ತು! ನಾವು ದೊಡ್ಡವರಾಗಿ ಹೊಸದನ್ನು ಕಲಿಯುವಾಗ ಬರಿಗೈಯಲ್ಲಿ ಹೋಗಿರುವುದಿಲ್ಲ. ಹಳೆಯ ದುಡಿಮೆಗಳೆಲ್ಲ ಮೈಯಲ್ಲಿ ಕೂತಿರುತ್ತವೆ.

ಅಲಗಿನ ವಿಷಯ ಸ್ವಲ್ಪ ಹೇಳಬೇಕು. ಹಾಕಿ ಸ್ಕೇಟಿನ ಉಕ್ಕಿನ ಪಟ್ಟಿ ಸುಮಾರು ಮೂರು ಮಿಲಿಮೀಟರ್ ದಪ್ಪ. ಅದರ ತಳವನ್ನು ಈಳಿಗೆಯಂತೆ ಚೂಪು ಮಾಡುವುದಿಲ್ಲ. ನಡುವೆ ಸಣ್ಣ ಕಾಲುವೆಯಂತೆ ತೋಡಿ, ಒಳಗಡೆಗೊಂದು, ಹೊರಗಡೆಗೊಂದು ಅಂಚು ಬರುವಂತೆ ಸಾಣೆ ಹಿಡಿಯುತ್ತಾರೆ. ಒಳ ಅಂಚಿನಿಂದ ಐಸನ್ನು ಪಕ್ಕಕ್ಕೆ ತಳ್ಳಿದರೆ ಮುಂದೆ ಜಾರುತ್ತೇವೆ. ತಿರುವಿನಲ್ಲಿ ಹೊರ ಅಂಚಿನ ಮೇಲೆ ಮೈಭಾರ ಬಿಟ್ಟು, ಒಂದು ಕಾಲನ್ನು ಇನ್ನೊಂದರ ಮೇಲಿನಿಂದ ದಾಟಿಸಬೇಕು. ದೊಡ್ಡವರಾಗಿ ಕಲಿತವರು ಸೋಲುವುದು ಇಲ್ಲೇ. ಒಳ ಅಂಚನ್ನು ನಂಬುತ್ತಾರೆ, ಹೊರ ಅಂಚನ್ನು ನಂಬುವುದಿಲ್ಲ. ನನಗೆ ಎಡಕ್ಕೆ ತಿರುಗುವುದು ಮೊದಲ ಚಳಿಗಾಲದಲ್ಲೇ ಬಂತು, ಬಲಕ್ಕೆ ತಿರುಗಲು ಇನ್ನೊಂದು ಚಳಿಗಾಲ ಬೇಕಾಯಿತು. ನಿಲ್ಲುವುದೂ ಹಾಗೆಯೇ. ಮೊದಲು ಹಿಮ್ಮಡಿಗಳನ್ನು ಹೊರಕ್ಕೆ ತಳ್ಳಿ ಮೆಲ್ಲಗೆ ನಿಲ್ಲುವುದು. ಆಮೇಲೆ ಎರಡೂ ಅಲಗನ್ನು ಒಮ್ಮೆಲೇ ಅಡ್ಡ ತಿರುಗಿಸಿ, ಐಸಿನ ಪುಡಿ ಹಾರಿಸಿ ನಿಲ್ಲುವುದು. ಮೊದಲ ಸಲ ಹಾಗೆ ಪುಡಿ ಹಾರಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಸ್ಟಿಕ್ಕು ಕೈಗೆ ಬಂದಾಗ ರೊಟ್ಟಿ ನೆನಪಾಯಿತು. ವೇಗವಾಗಿ ಬರುವ ಪಕ್ಕಿಗೆ ಸ್ಟಿಕ್ಕನ್ನು ಗಟ್ಟಿಯಾಗಿ ಒಡ್ಡಿದರೆ ಅದು ಗೋಡೆಗೆ ತಾಗಿದಂತೆ ಚಿಮ್ಮಿ ಹೋಗುತ್ತದೆ. ತಾಗುವ ಗಳಿಗೆಯಲ್ಲಿ ಕೈಯನ್ನು ತುಸು ಹಿಂದೆ ಬಿಟ್ಟುಕೊಂಡರೆ ಬಂದು ನಿಲ್ಲುತ್ತದೆ. ಜೋಳದ ಹಿಟ್ಟಿನ ಮೇಲೂ ಕೈ ಬಿಗಿಯಾದರೆ ರೊಟ್ಟಿ ಹರಿಯುತ್ತದಲ್ಲವೇ? ಆಮೇಲೆ ಬಂದದ್ದು ತಲೆಯೆತ್ತುವ ಪಾಠ: ಪಕ್ಕನ್ನು ನೋಡುತ್ತ ಕೂಡಬಾರದು, ಸ್ಟಿಕ್ಕಿನ ತುದಿಗೆ ಅದರ ಇರವು ತಿಳಿಯಬೇಕು, ಕಣ್ಣು ಗೆಳತಿಯರ ಮೇಲಿರಬೇಕು. ಗೆಳತಿ ಈಗ ಇರುವಲ್ಲಿಗೆ ಪಕ್ ಕಳಿಸಿದರೆ ಅವಳ ಬೆನ್ನ ಹಿಂದೆ ಹೋಗುತ್ತದೆ. ಅವಳು ಮುಂದೆ ತಲಪುವ ಜಾಗಕ್ಕೆ ಕಳಿಸಬೇಕು.

ನಾನೊಂದು ವಹಿ ಇಟ್ಟಿದ್ದೆ. ವಾರಕ್ಕೆ ಒಂದೇ ಸಂಗತಿ ಬರೆದುಕೊಂಡು ಅದನ್ನೇ ಮಾಡುತ್ತಿದ್ದೆ. ಈ ಬುಧವಾರ ಎಷ್ಟು ಹೆಣಗಿದರೂ ಬಾರದ್ದು ಕೆಲವೊಮ್ಮೆ ಮುಂದಿನ ಬುಧವಾರ ಕರೆಯದೆ ಬಂದು ನಿಲ್ಲುತ್ತಿತ್ತು. ತಿಂಗಳುಗಟ್ಟಲೆ ಏನೂ ಬಾರದ ಕಾಲವೂ ಇತ್ತು. ನಮಗೆ ಸಿಕ್ಕ ಹೊತ್ತು ರಾತ್ರಿ ಹತ್ತೂಕಾಲು. ಒಳ್ಳೆಯ ಹೊತ್ತುಗಳೆಲ್ಲ ಮಕ್ಕಳಿಗೆ, ಗಂಡಸರಿಗೆ ಹಂಚಿಹೋಗಿದ್ದವು. ಪಂಜಾಬಿನ ಒಬ್ಬಾಕೆ, ಫಿಲಿಪೈನ್ಸಿನ ಒಬ್ಬ ನರ್ಸು, ಮೊಮ್ಮಗಳಿದ್ದ ಒಬ್ಬ ಟೀಚರು, ಹೀಗೆ ಹದಿನಾಲ್ಕು ಜನ ಇದ್ದೆವು. ಆ ಒಂದು ಗಂಟೆ ಯಾರ ತಾಯಿಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಬುಧವಾರ ರಾತ್ರಿಯ ಅಡಿಗೆ ಯಜಮಾನರದೆಂದು ಮನೆಯಲ್ಲಿ ತಾನಾಗಿಯೇ ಗೊತ್ತಾಯಿತು.

ಎರಡನೆಯ ವರ್ಷ ಅವ್ವ ಫೋನಿನಲ್ಲಿ ತಾನಾಗಿ ಕೇಳಿದಳು, “ಈಗ ಎಷ್ಟ ಬೀಳ್ತಿ?” ಕಡಿಮೆಯಾಗಿದೆ ಎಂದೆ. ಅವಳು ತುಸು ಹೊತ್ತು ಸುಮ್ಮನಿದ್ದಳು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾದ ಮೇಲಿನ ವರ್ಷಗಳಲ್ಲಿ, ರಾತ್ರಿ ಕಂದೀಲಿನ ಬೆಳಕಿನಲ್ಲಿ ಹೆಸರು ಬರೆಯಲು ಕಲಿತವಳು ಅವಳು. ಅದರ ಬಗ್ಗೆ ಎಂದೂ ಮಾತಾಡಿರಲಿಲ್ಲ. ಅಂದು ಹೇಳಿದಳು: “ನಿಮ್ಮದು ಛಲೋ ಸಾಲಿ ಬಿಡು. ನಮಗ ಯಾರೂ ಬೀಳೂದ ಕಲಸಲಿಲ್ಲ. ಬಳಪ ಹಿಡದ್ರ ಕೈ ನಡಗತಿತ್ತು, ಮಂದಿ ನಗತಿದ್ರು. ನಗಲಿ ಅಂತ ಬರದೆ.” ಗಾದೆಯನ್ನು ಅವಳು ಮತ್ತೆ ನನಗೆ ಹೇಳಲಿಲ್ಲ.

ವಯಸ್ಸಾದ ಮೇಲಿನ ಆಟಕ್ಕೂ ಒಂದು ಚರಿತ್ರೆಯಿದೆ. ಸ್ನೂಪಿ ನಾಯಿಯ ಚಿತ್ರಕಥೆಯ ಚಾರ್ಲ್ಸ್ ಶುಲ್ಜ್ 1969ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ ತಾನೇ ಐಸ್ ಅಂಗಳ ಕಟ್ಟಿಸಿದ. 1975ರಲ್ಲಿ ಹಿರಿಯ ಆಟಗಾರರಿಗಾಗಿಯೇ ಪಂದ್ಯಾವಳಿ ಆರಂಭಿಸಿ, ತಾನೂ ಮುಪ್ಪಿನವರೆಗೆ ಆಡಿದ. ಅದೇ ವರ್ಷ ಕೆನಡಾದಲ್ಲೂ ಹಳೆಯ ಆಟಗಾರರ ಸಂಘ ಹುಟ್ಟಿತು.

ನಮ್ಮ ದೇಶದಲ್ಲಿ ಐಸಿನ ಅಂಗಳ ಬಂದದ್ದು 1920ರಲ್ಲಿ ಶಿಮ್ಲಾದಲ್ಲಿ. ಬ್ಲೆಸಿಂಗ್ಟನ್ ಎಂಬಾತ ಟೆನಿಸ್ ಅಂಗಳಕ್ಕೆ ನೀರು ಹಾಯಿಸಿ ಹೆಪ್ಪುಗಟ್ಟಿಸಿದ. ಆದರೆ ಐಸ್ ಹಾಕಿ ಬೇರೂರಿದ್ದು ಲಡಾಖಿನಲ್ಲಿ. ಹಳೆಯ ಮಿಲಿಟರಿ ಬೂಟಿಗೆ ಕಬ್ಬಿಣದ ಪಟ್ಟಿ ಬಿಗಿದು ಆಡಿದ್ದನ್ನು ಅಲ್ಲಿಯ ಹಿರಿಯರು ನೆನೆಯುತ್ತಾರೆ. ಕೊಳಗಳು ಹೆಪ್ಪುಗಟ್ಟುವುದು ವರ್ಷಕ್ಕೆ ಎರಡು ಮೂರು ತಿಂಗಳು ಮಾತ್ರ. ಅಷ್ಟರಲ್ಲೇ ಕಲಿತ ಹುಡುಗಿಯರು, ಜನರಿಂದ ಚಂದಾ ಕೂಡಿಸಿದ ಹಣದಲ್ಲಿ, 2016ರಲ್ಲಿ ಭಾರತದ ಮೊದಲ ಮಹಿಳಾ ತಂಡವಾಗಿ ತೈಪೆಗೆ ಹೋದರು. ಅಲ್ಲಿ ಸೋಲಿನ ಮೇಲೆ ಸೋಲು. ಮರುವರ್ಷ ಬ್ಯಾಂಕಾಕಿನಲ್ಲಿ ಫಿಲಿಪೈನ್ಸನ್ನು 4-3ರಿಂದ ಮಣಿಸಿ ಮೊದಲ ಗೆಲುವು ಕಂಡರು. 2018ರ ಜನವರಿಯಲ್ಲಿ ಕೆನಡಾದ ಮಹಾನ್ ಆಟಗಾರ್ತಿ ಹೇಲಿ ವಿಕನ್‌ಹೈಸರ್ ಲಡಾಖಿಗೇ ಬಂದು ಅವರೊಂದಿಗೆ ಆಡಿದಳು. 2025ರ ಜೂನಿನಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತದ ಹೆಂಗಸರು ಕಂಚು ಗೆದ್ದರು. ಸೋತ ತೈಪೆಯಿಂದ ಕಂಚಿನ ಅಲ್ ಐನ್‌ಗೆ ಒಂಬತ್ತು ವರ್ಷ. ಆ ಒಂಬತ್ತು ವರ್ಷ ಅಂಗಳ ಬಿಡದೆ ನಿಂತದ್ದರಲ್ಲೇ ಅವರ ಸುಧಾರಣೆಯ ಗುಟ್ಟು ಇದೆ.

ಈಗ ನಾನು ಊರಿಗೆ ಮರಳಿದ್ದೇನೆ. ಮಲ್ಲಸಮುದ್ರದಲ್ಲಿ ಈಗ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವಿದೆ. ಮುಳಗುಂದ ರಸ್ತೆಯಲ್ಲಿ ಬೆಳಿಗ್ಗೆ ಬಿಳಿ ಕೋಟಿನ ಹುಡುಗಿಯರು ಸ್ಕೂಟರಿನಲ್ಲಿ ಸರ್ರನೆ ಹೋಗುತ್ತಾರೆ. ನನ್ನ ಸ್ಕೇಟುಗಳಿಗೆ ಇಲ್ಲಿ ಕೆಲಸವಿಲ್ಲ. ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯ ಅಕ್ಕಾರು, ಐವತ್ತೆರಡು ವರ್ಷದವರು, ಸಂಜೆ ಹಿತ್ತಲ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು: “ನನಗೂ ಆ ಸ್ಕೂಟಿ ಕಲಸ್ತೀರೇನ್ರೀ? ಮನ್ಯಾಗ ಕೇಳಿದ್ರ ನಗತಾರ.”

ಮರುದಿನ ನಸುಕಿನಲ್ಲಿ ಇಬ್ಬರೂ ಖಾಲಿ ಬಯಲಿಗೆ ಹೋದೆವು. ಮೊದಲ ದಿನ ಗಾಡಿ ಚಾಲೂ ಮಾಡಲಿಲ್ಲ. ಗಾಡಿ ವಾಲಿದಾಗ ಹೇಗೆ ಬಿಟ್ಟು ಕಾಲೂರಬೇಕು, ಬಿದ್ದ ಗಾಡಿಯನ್ನು ಹೇಗೆ ಎತ್ತಬೇಕು, ಅಷ್ಟೇ. ಮೂರನೆಯ ವಾರ ಅಕ್ಕಾರು ತಾವೊಬ್ಬರೇ ಗದಗಿನ ಸಂತೆಗೆ ಹೋಗಿ, ಮುಂದಿನ ಕೊಂಡಿಗೆ ಮೆಂತ್ಯದ ಸೊಪ್ಪಿನ ಚೀಲ ತೂಗಿಸಿಕೊಂಡು ಬಂದರು. ಕಟ್ಟೆಯ ಮೇಲೆ ಕೂತವರು ತಿರುಗಿ ನೋಡಿದರು. ಅಕ್ಕಾರು ಮಾತ್ರ ಕಣ್ಣನ್ನು ರಸ್ತೆಯ ಮೇಲಿಂದ ತೆಗೆಯಲಿಲ್ಲ.